ಹೆಣದ ಗಾಡಿಯವನ ನಗು

ಹೆಣದ ಗಾಡಿಯ ಚಾಲಕ ನಕ್ಕುಬಿಟ್ಟಿದ್ದ. ನಕ್ಕದ್ದು ಹಾಸ್ಯ ಕಾರ್ಯಕ್ರಮದಲ್ಲೇ. ಆದರೆ ಆ ನಗು ವಿಡಿಯೋದಲ್ಲಿ ಸಿಕ್ಕಿಬಿದ್ದು, ಬೆಳಗಾಗುವಷ್ಟರಲ್ಲಿ ಊರಿನ ಫೋನುಗಳಿಗೆಲ್ಲ ಹರಡಿತ್ತು.

ವೇದಿಕೆಯ ಮೇಲಿದ್ದ ಹಾಸ್ಯಗಾರ ಚಾಲಕನ ಪಕ್ಕದ ಮನೆಯವನೇ. ಮೈಕು ಹಿಡಿದು ಹೇಳುತ್ತಾನೆ: “ನಮ್ಮೂರಲ್ಲಿ ಒಬ್ಬ ಹೆಣದ ಗಾಡಿ ಮಾಲೀಕ ಇದಾನೆ. ದಿನಾ ಆಸ್ಪತ್ರೆಗೆ ಹೋಗಿ ರೋಗಿಗಳನ್ನ ಮಾತಾಡಿಸ್ತಾನೆ. ಯಾರಾದ್ರೂ ‘ಹುಷಾರಾಗ್ತಿದೀನಿ’ ಅಂದ್ರೆ ಸಾಕು, ‘ಅಯ್ಯೋ, ಹೀಗಾಗಬಾರದಿತ್ತು’ ಅಂತ ಕಣ್ಣೊರೆಸಿಕೊಳ್ತಾನೆ!”

ಮರುಕ್ಷಣ ಪರದೆಯ ತುಂಬ ಚಾಲಕನೇ. ಕದ ಕಿತ್ತ ಗೂಡಿನಂತೆ ತೆರೆದ ಬಾಯಿ. ಹಿಂದಿನ ಹುಳುಕು ಹಲ್ಲೂ ಕಾಣುತ್ತಿತ್ತು.

ಇಷ್ಟು ವರ್ಷ ಹಲ್ಲು ಬಿಡದೆ ಗಾಡಿ ಓಡಿಸಿದ್ದಕ್ಕೆ ಜೊತೆಗಾರರು ಅವನನ್ನು ಗಂಭೀರಣ್ಣ ಎನ್ನುತ್ತಿದ್ದರು. ಆ ಹೆಸರು ಒಂದೇ ರಾತ್ರಿಗೆ ಮಣ್ಣುಪಾಲಾಯಿತು.

ಮಾಲೀಕರು ಬೈಯಲಿಲ್ಲ. ಸತ್ತವರ ಮನೆಯವರೊಂದಿಗೆ ಆಡುವ ದನಿಯಲ್ಲೇ ಕೇಳಿದರು: “ನಾನೇನು ಕಮ್ಮಿ ಮಾಡಿದ್ದೆನಪ್ಪಾ ನಿಂಗೆ? ಸಂಜೆ ಗಾಡಿ ಕೀ ಕೊಡು. ಮನೇನೂ ಖಾಲಿ ಮಾಡು.” ಚಾಲಕನ ಎರಡು ಕೋಣೆಯ ಮನೆಯೂ ಅವರದೇ.

ಹೆಣ ಹೊರುವವನು ನಕ್ಕರೆ ಅಪರಾಧ. ಹೆಣಕ್ಕೆ ಕಾಯುವವನು ಅತ್ತರೆ ದೊಡ್ಡತನ. ಇದು ಲೋಕ.

“ಆಕಳಿಸ್ತಿದ್ದೆ ಅಂತ ಹೇಳ್ಬಿಡು ಗಂಭೀರಣ್ಣ,” ಎಂದ ಶವಪೆಟ್ಟಿಗೆ ಎತ್ತುವ ಜೊತೆಗಾರ. ಚಾಲಕ ಹೋಗಿ ಹಾಗೇ ಹೇಳಿದ. ಆಫೀಸಿನಲ್ಲಿ ಬಿಲ್ಲು ಬರೆಯುವ ಅಕ್ಕ, ಯಾರೂ ಕೇಳದಿದ್ದರೂ, ತನ್ನ ಫೋನಿನಲ್ಲಿ ವಿಡಿಯೋ ಹಾಕಿ ಮಾಲೀಕರ ಮುಂದೆ ಹಿಡಿದಳು. “ಆಕಳಿಸೋವಾಗ ಯಾರಾದ್ರೂ ಹೊಟ್ಟೆ ಹಿಡ್ಕೋತಾರಾ ಸಾರ್? ನಂಗೇನೋ ಅನುಮಾನ.”

ಅಷ್ಟರಲ್ಲಿ ಹೆಂಡತಿಯ ಫೋನು. “ನನ್ ಮುಂದೆ ಒಂದಿನಾನೂ ಹಲ್ಲು ಬಿಟ್ಟಿಲ್ಲ. ಊರಿಗೆಲ್ಲ ತೋರ್ಸೋಕೆ ಇಟ್ಕೊಂಡಿದ್ರಾ? ಈಗ ಪಾತ್ರೆಪಗಡೆ ಎಲ್ಲಿಗೆ ಹೊರಲಿ, ಹೇಳಿ!”

ಚಾಲಕ ಆ ಕಾರ್ಯಕ್ರಮದ ವಿಡಿಯೋ ಜೋಡಿಸುವವನ ಕೋಣೆಗೆ ಓಡಿದ. ಮೆಟ್ಟಿಲು ಹತ್ತುವಷ್ಟರಲ್ಲಿ ತಾನೇ ಹೆಣವಾಗಿದ್ದ.

“ಅದು ಆ ಜೋಕಿಗೆ ನಕ್ಕಿದ್ದಲ್ಲ ಅಣ್ಣ,” ಎಂದ ವಿಡಿಯೋದವನು, ಕಂಪ್ಯೂಟರಿನಿಂದ ಕಣ್ಣು ಕೀಳದೆ. “ಕಾರ್ಯಕ್ರಮ ಶುರುವಾಗೋ ಮುಂಚೆ ‘ಎಲ್ರೂ ಸುಮ್ನೆ ಒಂದ್ಸಲ ನಗಿ’ ಅಂದಿದ್ವಲ್ಲ? ಆವಾಗ ತೆಗೆದಿದ್ದು. ಜೋಕು ಸಪ್ಪೆ ಅನ್ಸಿದ ಕಡೆ ತಂದು ಅಂಟಿಸ್ತೀವಿ.”

“ಅದು ಸಪ್ಪೇನಾ?” ಚಾಲಕನ ಮುಖ ಯಾಕೋ ಬಾಡಿತು.

“ಏನೋ ಒಂದು. ನಿಜವಾಗಿ ಆ ಜೋಕು ಹೇಳಿದಾಗ ನೀವು ಹೇಗಿದ್ರಿ ಅಂತಾನೂ ಇದೆ. ಬೇಕಾ?”

ಚಾಲಕ ಪರದೆಗೆ ಮೂಗು ತಾಗಿಸಿ ನೋಡಿದ. ಹಲ್ಲು ಕಾಣುತ್ತದೆಯೇ ಎಂದಷ್ಟೇ ಹುಡುಕಿದ. ಒಂದೂ ಕಾಣಲಿಲ್ಲ. ಹೋದ ಜೀವ ಬಂದಂತಾಗಿ, ಆ ತುಣುಕನ್ನು ಫೋನಿಗೆ ಹಾಕಿಸಿಕೊಂಡು ಮಾಲೀಕರ ಎದುರು ಬಂದು ನಿಂತ. ಜೊತೆಗಾರನೂ ಅಕ್ಕನೂ ಹಿಂದೆಯೇ ಬಂದರು.

ಮಾಲೀಕರು ನೋಡಿದರು. ದೂರದಲ್ಲಿ ಹಾಸ್ಯಗಾರ, ಹತ್ತಿರದಲ್ಲಿ ಚಾಲಕ. ಸಭೆಯೆಲ್ಲ ಬಿದ್ದು ಬಿದ್ದು ನಗುತ್ತಿದೆ. ಚಾಲಕನ ಮುಖ ಮಾತ್ರ ಕಲ್ಲು.

“ಪಾಪ, ನಕ್ಕೇ ಇಲ್ಲ ಸಾರ್,” ಎಂದ ಜೊತೆಗಾರ.

“ಹೌದಲ್ಲಪ್ಪಾ,” ಎಂದ ಮಾಲೀಕರ ದನಿ ಮೆತ್ತಗಾಯಿತು. “ಇನ್ನೊಂದ್ಸಲ ಹಾಕು.”

ಎರಡನೆಯ ಸಲ ಕನ್ನಡಕ ಏರಿಸಿಕೊಂಡರು. ಮೂರನೆಯ ಸಲ ಫೋನನ್ನೇ ಕೈಗೆ ತೆಗೆದುಕೊಂಡರು.

“ಅಲ್ಲಯ್ಯಾ,” ಎಂದರು ನಿಧಾನವಾಗಿ, “ಅವನು ಹೇಳೋಕೆ ಮುಂಚೇನೇ ನಿನ್ ತುಟಿ ಯಾಕೆ ಅಲ್ಲಾಡ್ತಿದೆ?”

ಹಾಸ್ಯಗಾರನಿಗೆ ಆ ಜೋಕನ್ನು ಕಟ್ಟಿಕೊಟ್ಟು, ಅವನು ಎಲ್ಲಿ ತಪ್ಪುತ್ತಾನೋ ಎಂದು ಉಸಿರು ಬಿಗಿಹಿಡಿದು ಕೂತಿದ್ದ ಚಾಲಕ ಫೋನಿಗೆ ಕೈ ಚಾಚಿದ.

ಬಿಲ್ಲು ಬರೆಯುವ ಅಕ್ಕ ಮಾಲೀಕರ ಭುಜದ ಮೇಲಿಂದ ಬಗ್ಗಿ ನೋಡಿ, ಮೊದಲ ಬಾರಿಗೆ ಚಾಲಕನ ಪರವಾಗಿ ಒಂದು ಮಾತಾಡಿದಳು.

“ಒಂದಕ್ಷರಾನೂ ತಪ್ಪಿಲ್ಲ ಸಾರ್.”