ಅಮ್ಮನ ದನಿ ಕಡಲು ದಾಟಿದ್ದು

ಶಿಡ್ಲಘಟ್ಟದ ನಮ್ಮ ಶೆಡ್ಡಿಗೆ ಕಂಪ್ಯೂಟರ್ ಬಂದ ಮೇಲೆ ವಾರಕ್ಕೊಂದಾದರೂ ಮೈ ಜುಂ ಎನ್ನುವ ಪ್ರಸಂಗ ನಡೆಯುತ್ತದೆ. ನಗಬೇಕೋ ತಾಯತ ಕಟ್ಟಿಸಿಕೊಳ್ಳಬೇಕೋ ತಿಳಿಯುವುದಿಲ್ಲ.

ನಮ್ಮ ಮಾಲು ರೇಷ್ಮೆಗೂಡಿನ ಹಾರ. ಹುಳು ಬಿಟ್ಟುಹೋದ ಗೂಡುಗಳನ್ನು ಕತ್ತರಿಸಿ, ಬಣ್ಣ ಹಾಕಿ, ಹನ್ನೊಂದು ಹೆಂಗಸರು ಪೋಣಿಸುತ್ತಾರೆ. ಚಿಂತಾಮಣಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾದ ನನ್ನನ್ನು ಇಟ್ಟುಕೊಂಡದ್ದು ವಿದೇಶಕ್ಕೆ ಪತ್ರ ಬರೆಯಲು. ಎರಡು ವರ್ಷ ಬರೆದೆ, ಒಂದು ಹಾರವೂ ಕಡಲು ದಾಟಲಿಲ್ಲ. ಯುಗಾದಿಯೊಳಗೆ ಹೊರಗಿನ ಆರ್ಡರ್ ಬಾರದಿದ್ದರೆ "ಬಾಗಿಲು ಮುಂದಕ್ಕೆ ಹಾಕೋಣ" ಎಂದರು ಯಜಮಾನಮ್ಮ. ಹೆಂಗಸರ ಮುಖ ನೋಡಲಾಗಲಿಲ್ಲ. ಆಗ ಯಜಮಾನಮ್ಮನ ಸೊಸೆ ಕಂಪ್ಯೂಟರ್ ತಂದಳು. ಅದರ ಮೇಲೆ ನನಗೆ ಮೊದಲ ದಿನದಿಂದಲೂ ಹೊಟ್ಟೆಕಿಚ್ಚು.

ಹೆಚ್ಚಿದೆ

ಯಜಮಾನಮ್ಮ ಅಶುಭದ ಮಾತಾಡುವವರಲ್ಲ. ಅವರ ಬಾಯಲ್ಲಿ ಬಳೆ ಒಡೆಯುವುದಿಲ್ಲ, 'ಹೆಚ್ಚುತ್ತದೆ'. ಕುಂಕುಮ ಮುಗಿದರೂ 'ಹೆಚ್ಚಿದೆ'. ದಾಸ್ತಾನನ್ನು ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಯಂತ್ರದ ಮುಂದೆ ನಿಂತು, "ಕೆಂಪು ಹಾರ ಹೆಚ್ಚಿದೆ ಕಣಪ್ಪ" ಎಂದರು.

ಗೋಡೆಯ ಮೊಳೆಗಳಲ್ಲಿ ಒಂದೂ ಕೆಂಪು ಹಾರವಿಲ್ಲ, ಪರದೆಯ ಮೇಲೆ ಮಾತ್ರ ರಾಶಿ. ಅವರು ಮತ್ತೆ ಹೇಳಿದರು, ರಾಶಿ ಇನ್ನೂ ಬೆಳೆಯಿತು. "ಕಾಣದೋರು ಯಾರೋ ಕೂತು ಪೋಣಿಸ್ತಾವ್ರೆ" ಎಂದು ಹೆಂಗಸರು ಆ ಮೂಲೆಯಲ್ಲಿ ಕೂರುವುದನ್ನೇ ಬಿಟ್ಟರು. ಬರಿದಾದ ಮೊಳೆಗಳನ್ನು ನೋಡಿ ನನಗೂ ಒಂದು ಕ್ಷಣ ಹೌದೇನೋ ಅನಿಸಿತು.

"ಅಮ್ಮಾ, ಮುಗಿದಿದೆ ಅಂತ ಹೇಳಿಬಿಡಿ" ಎಂದೆ.

"ಬಿಡ್ತು ಅನ್ನಿ ಮೇಷ್ಟ್ರೇ! ಅಂಥ ಮಾತು ನನ್ನ ಬಾಯಲ್ಲಿ ಬರಲ್ಲ."

ಅಂದಿನಿಂದ ಯಂತ್ರಕ್ಕೆ ಅಶುಭ ಹೇಳುವ ಉದ್ಯೋಗ ನನ್ನದಾಯಿತು.

ಇನ್ನೊಂದು ಬಾಯಿ

ಸೊಸೆ ಆಮೇಲೆ ತಂದದ್ದು ಅತ್ತೆಯ ದನಿಯನ್ನೇ ಕಲಿತು ಯಾವ ದೇಶದ ಭಾಷೆಯನ್ನಾದರೂ ಮಾತಾಡುವ ಯಂತ್ರ. ಮಟಮಟ ಮಧ್ಯಾಹ್ನ, ಯಜಮಾನಮ್ಮ ನನ್ನೆದುರೇ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಕೂತಿದ್ದಾರೆ. ಒಳಗಿನ ಕೋಣೆಯಿಂದ ಅವರದೇ ದನಿ, ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ಕೆಮ್ಮು, ಯಾವುದೋ ತಿಳಿಯದ ಭಾಷೆಯಲ್ಲಿ. ನನಗೆ ನಿಜವಾಗಿಯೂ ಭಯವಾಯಿತು.

ಯಜಮಾನಮ್ಮ ಎದ್ದು ಹೋಗಿ ಬಾಗಿಲಲ್ಲಿ ನಿಂತರು. ಗಾಬರಿಯಾದರೆ ಅವರಿಗೆ ತೆಲುಗೇ ಬರುವುದು. "ಎವರೇ ನುವ್ವು?" ಎಂದರು. ನೀನ್ಯಾರೇ ಎಂದು.

"ತೆಲುಗು ಆಯ್ಕೆಯಾಗಿದೆ" ಎಂದಿತು ಅವರದೇ ದನಿ.

"ಮೇಷ್ಟ್ರೇ, ಉಪ್ಪು-ಮೆಣಸಿನಕಾಯಿ ತನ್ನಿ, ದೃಷ್ಟಿ ತೆಗೀಬೇಕು" ಎಂದು ಕೂಗಿದರು. "ಈ ದೆವ್ವಕ್ಕೆ ತೆಲುಗೂ ಬರ್ತದೆ!"

ಬರ್ತೀನಿ

ನನ್ನ ಪತ್ರಗಳಿಗೆ ಎರಡು ವರ್ಷದಲ್ಲಿ ಆಗದ್ದು ಆ ದನಿಗೆ ಮೂರು ವಾರದಲ್ಲಿ ಆಯಿತು. ಕಡಲಾಚೆಯ ಒಬ್ಬ ವ್ಯಾಪಾರಿ ಸಿಕ್ಕ. ಪರದೆಯ ಮೇಲೆ ಕಪ್ಪು ಕೋಟು, ಹಿಂದೆ ಬಿಳಿ ಹೂ, ಪಿಸುಮಾತು. ನಗುವುದೇ ಇಲ್ಲ. ಅವನ ಸಂಸ್ಥೆಯ ಹೆಸರನ್ನು ಯಂತ್ರ 'ವಿಶ್ರಾಂತಿ ಗೃಹ' ಎಂದು ಕನ್ನಡಿಸಿತು. "ಸ್ಕಂದಗಿರಿ ಕೆಳಗೆ ಹೋಂಸ್ಟೇ ಐತಲ್ಲ, ಅಂಥದ್ದು" ಎಂದರು ಯಜಮಾನಮ್ಮ.

ನಮ್ಮಲ್ಲಿ 'ಹೋಗ್ತೀನಿ' ಎಂದು ಹೇಳಿ ಹೋಗುವ ಪದ್ಧತಿಯಿಲ್ಲ. ಪ್ರತಿ ಸಲ ಮಾತು ಮುಗಿಸುವಾಗ ಅವರು "ಬರ್ತೀನಪ್ಪ" ಎನ್ನುವರು. ಯಂತ್ರ ಅದನ್ನು ಅವನ ಭಾಷೆಯಲ್ಲಿ ಹೇಳುವುದು. ಅವನು ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸುವನು.

ಮೂರನೇ ಸಲ ಅವನು ಕೇಳಿದ್ದನ್ನು ಯಂತ್ರ ಕನ್ನಡದಲ್ಲಿ ಹೇಳಿತು: "ಯಾವಾಗ ಬರುತ್ತೀರಿ?"

"ದೇವ್ರು ಕರೆಸ್ಕೊಂಡಾಗ ಬರ್ತೀನಪ್ಪ."

"ಒಬ್ಬರೇ ಬರುತ್ತೀರಾ?"

"ಒಬ್ಳೇ ಯಾಕೆ? ಮನೆಯೋರ್ನೆಲ್ಲ ಕರ್ಕೊಂಡು ಬರ್ತೀನಿ."

ಅವನು ಪೆನ್ನು ತೆಗೆದುಕೊಂಡು, "ನಿಮ್ಮ ಎತ್ತರ?" ಎಂದ.

"ಸನ್ಮಾನ ಮಾಡ್ತಾನೆ ಅಂತ ಕಾಣ್ಸತ್ತೆ. ಐದಡಿ ಒಂದಿಂಚು ಅನ್ನು" ಎಂದರು ಯಜಮಾನಮ್ಮ, ಸೊಸೆಯತ್ತ ತಿರುಗಿ.

ಎರಡು ದಿನ ಬಿಟ್ಟು ಇಂಗ್ಲಿಷಿನಲ್ಲಿ ಪತ್ರ ಬಂತು, ಹಾಗಾಗಿ ನನ್ನ ಪಾಲಿಗೆ. ಪ್ರತಿ ತಿಂಗಳು ಹಾರ ಬೇಕು ಎಂದಿತ್ತು. ಹೆಂಗಸರು ಬಾಗಿಲಿಗೆ ಮುತ್ತಿಕೊಂಡರು. ಪತ್ರದ ಕೆಳಗೆ ಉದ್ದುದ್ದ ಪೆಟ್ಟಿಗೆಗಳ ಚಿತ್ರ. ಆ 'ವಿಶ್ರಾಂತಿ ಗೃಹ' ಶವಸಂಸ್ಕಾರ ಮಾಡಿಸುವ ಮನೆ. ಅಮ್ಮನವರ ಅಳತೆಯ ಪೆಟ್ಟಿಗೆಗೆ ಯಾವ ಮರ ಇಷ್ಟ, ಕುಟುಂಬದ ಉಳಿದವರ ಎತ್ತರವೆಷ್ಟು ಎಂದು ಕೇಳಿದ್ದ. ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳಿದೆ.

'ಮುಗಿದಿದೆ' ಎನ್ನದ ಬಾಯಿ ಇದಕ್ಕೆ ಏನೆನ್ನುತ್ತದೆ? ಯಜಮಾನಮ್ಮ ಹನ್ನೊಂದು ಮುಖಗಳನ್ನೂ ಒಂದೊಂದಾಗಿ ನೋಡಿದರು.

"ನಮ್ಮಲ್ಲೂ ಹೋದೋರಿಗೆ ಹಾರ ಹಾಕಲ್ವೇನು? ಕಳಿಸೋಣ" ಎಂದರು. "ಆದ್ರೆ ನಾನು ಬರಲ್ಲ ಅಂತ ಬರೀರಿ ಮೇಷ್ಟ್ರೇ. ದಪ್ಪ ಅಕ್ಷರದಲ್ಲಿ ಬರೀರಿ."

ಬರೆದೆ. ಒಂದೇ ಗಂಟೆಯಲ್ಲಿ ಉತ್ತರ ಬಂತು:

"ಹಾರಗಳನ್ನು ಬೇಗ ಕಳಿಸಿ. ಅಮ್ಮನವರಿಗೆ ಅವಸರವಿಲ್ಲ ಎಂದು ತಿಳಿಸಿ. ಮೊದಮೊದಲು ಎಲ್ಲರೂ ಹಾಗೇ ಅನ್ನುತ್ತಾರೆ."