ಗ್ರೈಂಡರು ನೋಡುವ ಶಾಸ್ತ್ರ

ನಮ್ಮ ಚಿಕ್ಕಮ್ಮ ಸುಳ್ಳು ಹೇಳುವುದಿಲ್ಲ. ಇದನ್ನು ಹೊಗಳಿಕೆಯೆಂದು ತಿಳಿಯಬೇಡಿ. ಮನೆಯವರ ಸಂಕಟ ತೋಡಿಕೊಳ್ಳುತ್ತಿದ್ದೇನೆ, ಅಷ್ಟೆ.

ಕೋಲ್ಕತ್ತದ ಬೆಹಾಲಾದ ಫ್ಲ್ಯಾಟಿನಲ್ಲಿ ಆಕೆ ದೋಸೆಹಿಟ್ಟು ಮಾರುತ್ತಾರೆ. "ಇವತ್ತಿನದು ಉಬ್ಬಿಲ್ಲಮ್ಮ, ಮನೆಗೆ ಹೋಗಿ ಲೂಚಿ ಕರಿದುಕೊಂಡು ತಿನ್ನು" ಎಂದು ತಮ್ಮ ಮೈಸೂರು ಬಂಗಾಳಿಯಲ್ಲಿ ಗಿರಾಕಿಯನ್ನು ವಾಪಸು ಕಳಿಸುವ ವ್ಯಾಪಾರಿಯನ್ನು ನೀವು ಬೇರೆಲ್ಲಿ ಕಂಡಿದ್ದೀರಿ? ವಿಚಿತ್ರವೆಂದರೆ ಗಿರಾಕಿಗಳು ಹೆಚ್ಚುತ್ತಲೇ ಹೋದರು. ಸೋತದ್ದು ಹಳೆಯ ಗ್ರೈಂಡರು.

ದೊಡ್ಡದೊಂದು ಬರದಿದ್ದರೆ ವ್ಯಾಪಾರ ಮುಚ್ಚಬೇಕು. ಸಣ್ಣ ಉದ್ದಿಮೆಗೆಂದು ಸರ್ಕಾರ ಕೊಡಿಸುವ ಸಬ್ಸಿಡಿ ಸಾಲಕ್ಕೆ ಅರ್ಜಿ ಹೋಯಿತು. ಬ್ಯಾಂಕಿನವರು ಮನೆಗೆ ಬಂದು ನೋಡುತ್ತಾರಂತೆ ಎಂದದ್ದೇ ತಡ! ಚಿಕ್ಕಮ್ಮನಿಗೆ ಗೊತ್ತಿದ್ದ 'ಬಂದು ನೋಡುವುದು' ಒಂದೇ. ಗ್ರೈಂಡರು ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದು ಕೂತಿತು. ಉಪ್ಪಿಟ್ಟು, ಕೇಸರಿಬಾತು ಸಿದ್ಧವಾದವು. ಹೆಣ್ಣಿನ ಕಡೆಯ ಹಿರಿಯನಾಗಿ ನನ್ನನ್ನು ಹತ್ತಿರದ ಜೋಕಾದಿಂದ ಕರೆಸಲಾಯಿತು.

"ಕೇಳಿದ್ದಕ್ಕಷ್ಟೇ ಉತ್ತರ ಕೊಡು," ಎಂದು ಚಿಕ್ಕಪ್ಪ ಎಚ್ಚರಿಸಿದ್ದರು. ಬಿಬಿಡಿ ಬಾಗಿನ ಸರ್ಕಾರಿ ಕಚೇರಿಯಲ್ಲಿ ನಿವೃತ್ತಿಯವರೆಗೂ ಅವರು ಬಾಳಿದ್ದು ಆ ಒಂದೇ ಸೂತ್ರದ ಮೇಲೆ.

ಬಂದವನು ಮೆದುಮಾತಿನ ಬಂಗಾಳಿ ತರುಣ. ಉಪ್ಪಿಟ್ಟಿಗೆ ಚಮಚ ಹಾಕುವ ಮೊದಲೇ ಚಿಕ್ಕಮ್ಮ ಶುರುಮಾಡಿದರು. "ನೋಡಪ್ಪ, ಮುಚ್ಚಿಡೋದು ಬೇಡ. ಚಳಿಗಾಲದಲ್ಲಿ ಹಿಟ್ಟು ಸರಿಯಾಗಿ ಉಬ್ಬೋಲ್ಲ. ದುರ್ಗಾಪೂಜೆ ಹೊತ್ತಲ್ಲಿ ಇಲ್ಲಿ ದೋಸೆ ಯಾರಿಗೂ ಬೇಡ. ನನಗೋ ಮಂಡಿನೋವು. ಈಗ ನಿಮ್ಮ ಸಾಲದಲ್ಲಿ ಏನೇನು ದೋಷ ಇದೆ, ನೀನೂ ಹೇಳಿಬಿಡು."

ಆತ ಚಮಚ ಕೆಳಗಿಟ್ಟ. "ಮಾಶಿಮಾ, ಸಬ್ಸಿಡಿ ತಡವಾಗುತ್ತೆ. ಕಂತು ಮಾತ್ರ ತಡ ಮಾಡೋಲ್ಲ."

ಆತ ಹೊರಟ ಮೇಲೆ ಚಿಕ್ಕಪ್ಪ ತಲೆ ಹಿಡಿದುಕೊಂಡರು. "ಸಾಲ ಹೋಯ್ತು. ಅಷ್ಟೆಲ್ಲ ಹೇಳಲೇಬೇಕಿತ್ತೇನೆ?"

"ನನ್ನ ಎಡಗಿವಿ ಕೇಳಿಸೋಲ್ಲ ಅನ್ನೋದನ್ನ ಮುಚ್ಚಿಟ್ಟು ಅಪ್ಪ ಮದುವೆ ಮಾಡಿದ್ರು. ನಿಮ್ಮ ಹತ್ರ ಹೇಳಿಕೊಳ್ಳೋವರೆಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ ನನಗೆ. ಆ ಭಯ ಇನ್ನೊಂದು ಸಲ ಬೇಡ."

ಚಿಕ್ಕಪ್ಪ ಗ್ರೈಂಡರಿನ ಜಾರಿದ ಹೂವನ್ನು ಸರಿಮಾಡಿದರು. "ನಿನ್ನನ್ನ ನೋಡೋಕೆ ಬಂದ ದಿನವೇ ನನಗೆ ಗೊತ್ತಾಗಿತ್ತು ಕಣೆ."

"ಮತ್ತೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಕೆಲವು ದಿನ ಕಳೆದು ಆ ತರುಣ ಮತ್ತೆ ಬಂದಾಗ ಹಳೆಯ ಗ್ರೈಂಡರು ಅಬ್ಬರಿಸುತ್ತಿತ್ತು. ಆತ ಚಿಕ್ಕಮ್ಮನ ಎಡಕ್ಕೆ ನಿಂತು ಮೆಲ್ಲಗೆ ಏನೋ ಹೇಳಿದ. ಆಕೆ ಸುಮ್ಮನೆ ಅವನ ಮುಖ ನೋಡಿದರು. ಚಿಕ್ಕಪ್ಪ ಎದ್ದು, ಎಂದಿನಂತೆ ಆಕೆಯ ಬಲಕ್ಕೆ ಹೋಗಿ, ಕಿವಿಯ ಹತ್ತಿರ ಬಾಗಿದರು.

"ಹುಡುಗಿ ಒಪ್ಪಿಗೆಯಂತೆ ಕಣೆ."