ಓರೆ ಕೋಟು, ಒಂದು ಟಾಂಗ್

“ಈ ವಾರ ಮುಗಿಯೋದ್ರೊಳಗೆ ಸೊಸೆ ಬಾಯಿಂದ ಒಂದು ಟಾಂಗ್ ಹೊರಡಿಸದಿದ್ರೆ, ನಾನು ದರ್ಜಿಯ ಹೆಂಡತಿಯೇ ಅಲ್ಲ!” ಎಂದು ಅತ್ತೆ ಗೋಡೆಯ ಮೇಲಿದ್ದ ಗಂಡನ ಪಟಕ್ಕೆ ಸವಾಲು ಹಾಕಿದರು.

ಆ ಪದ ಕಲಿತದ್ದೇ ಹಿಂದಿನ ದಿನ. ಮನೆಯ ಮುಂದಿನ ಕೋಣೆಯೇ ಅಂಗಡಿ. ಪ್ಯಾಂಟು ಬಿಗಿಯಾಯಿತೆಂದು ಕೂಗಾಡಿದ ಗಿರಾಕಿಗೆ ಸೊಸೆ, “ನಿಜ ಸಾರ್, ಅಳತೆ ಕೊಟ್ಟ ದಿನ ನಿಮ್ಮ ಹೊಟ್ಟೆ ಊರಲ್ಲಿರಲಿಲ್ಲ!” ಎಂದಿದ್ದಳು. “ಏನು ಟಾಂಗ್ ಕೊಡ್ತೀರಮ್ಮ!” ಎಂದು ಅವನೇ ನಕ್ಕುಬಿಟ್ಟಿದ್ದ.

“ಟಾಂಗ್ ಅಂದ್ರೇನೇ?”

“ಒಪ್ಪಿಕೊಂಡ ಹಾಗೆ ಮಾಡಿ ಚುಚ್ಚೋದು, ಅತ್ತೆ.”

ಅಯ್ಯೋ, ನಲವತ್ತೊಂದು ವರ್ಷ ಅತ್ತೆ ಉಂಡದ್ದು ಅದನ್ನೇ! ಪ್ರತಿ ಗುಂಡಿಗೂ ಎಂಟು ಸುತ್ತು, ಮೂರು ಗಂಟು ಹಾಕುವಾಗ ಗಂಡ ಕಿಟಕಿ ಪಕ್ಕದ ಸ್ಟೂಲಿನಿಂದಲೇ, “ಮಹಾರಾಣಿ, ಗುಂಡಿ ಹೊಲೀತಿದ್ದೀಯೋ, ಹಡಗಿಗೆ ಲಂಗರು ಹಾಕ್ತಿದ್ದೀಯೋ?” ಎನ್ನುತ್ತಿದ್ದರು. ಅವರು ಹೋಗಿ ಮೂರು ವರ್ಷ. ಈಗ ಮನೆ ತುಂಬ ಬೆಣ್ಣೆ ಮಾತು. “ನನಗೂ ಒಂದು ಕೊಡೇ” ಎಂದರೆ ಸೊಸೆ, “ಛೇ, ಹಿರಿಯರಿಗಾ!” ಎಂದಳು. ಹಿರಿಯರಂತೆ! ಆ ಪಟದ ಪಕ್ಕ ಇನ್ನೊಂದು ಮೊಳೆ ಹೊಡೆದು ತಮ್ಮನ್ನೂ ತೂಗುಹಾಕಿದರೆ ಆಯಿತು!

ಸರಿ, ತಪ್ಪು ಮಾಡಿದರೆ ತಾನೇ ಟಾಂಗ್? ಹೆಡ್‌ಮಾಸ್ತರರ ಕೋಟಿನ ಗುಂಡಿಗಳನ್ನೆಲ್ಲ ಒಂದೊಂದು ಕಾಜ ಕೆಳಗೆ ಹೊಲಿದರು. ಅದಕ್ಕೂ ಎಂಟು ಸುತ್ತು, ಮೂರು ಗಂಟು. ತಪ್ಪನ್ನೂ ಅಚ್ಚುಕಟ್ಟಾಗಿಯೇ ಮಾಡಬೇಕಲ್ಲ! ಇಸ್ತ್ರಿ ಮಾಡುವಾಗ ಸೊಸೆ ನೋಡಿಯೇ ನೋಡುತ್ತಾಳೆಂಬ ಲೆಕ್ಕ. ಆದರೆ ಅತ್ತೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಗರಾಯ ಕೋಟನ್ನು ಮಡಚಿ ಕೊಟ್ಟೇಬಿಟ್ಟಿದ್ದ!

ಮರುದಿನ ಹೆಡ್‌ಮಾಸ್ತರರು ಬಾಗಿಲಲ್ಲಿ! ಕೋಟಿನ ಒಂದು ಹೆಗಲು ಕಿವಿಯ ಹತ್ತಿರ, ಇನ್ನೊಂದು ಮೊಣಕೈ ಹತ್ತಿರ.

“ಬೆಳಿಗ್ಗೆ ನನ್ನ ನೆಟ್ಟಗೆ ನೋಡೋಕೆ ಮಕ್ಕಳೆಲ್ಲ ತಲೆ ಓರೆ ಮಾಡ್ಕೊಂಡು ನಿಂತ್ರಮ್ಮ!”

“ನನ್ನ ಕೈತಪ್ಪು, ಸಾರ್,” ಎಂದಳು ಸೊಸೆ.

ಅತ್ತೆಗೆ ತಡೆಯಲಾಗಲಿಲ್ಲ. “ಅವಳದ್ದಲ್ಲ! ನಾನೇ, ಬೇಕೂಂತಲೇ ಹೊಲಿದೆ! ಈಗಲಾದ್ರೂ ಏನಾದ್ರೂ ಅನ್ನೇ ತಾಯಿ! ಅವರು ಹೋದ ಮೇಲೆ ಈ ಮನೇಲಿ ನನಗೊಂದು ಮಾತು ಅಂದೋರಿಲ್ಲ!”

ಸೊಸೆ ಅವರನ್ನೇ ನೋಡಿದಳು.

“ಬೇಕೂಂತಾನಾ ಅತ್ತೆ? ಹಾಗಾದ್ರೆ ಮೂರು ವರ್ಷದಿಂದ ನಾನು ಬಿಚ್ಚಿ ಬಿಚ್ಚಿ ಮತ್ತೆ ಹೊಲೀತಿರೋ ನಿಮ್ಮ ಓರೆ ಗುಂಡಿಗಳು? ಅವೂ ನನಗೆ ಹೊತ್ತು ಹೋಗ್ಲಿ ಅಂತಲೇ ಹೊಲಿದಿದ್ದಾ?”

ಎಂಟು ಸುತ್ತು! ಮೂರು ಗಂಟು! ಅತ್ತೆ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಮೂರು ವರ್ಷದಿಂದ ಯಾರೂ ಕೂರದ ಕಿಟಕಿ ಪಕ್ಕದ ಸ್ಟೂಲನ್ನು ಸೊಸೆಯ ಕಡೆ ಎಳೆದರು.

“ಇಲ್ಲಿ ಕೂತ್ಕೊಂಡು ಇನ್ನೊಂದ್ಸಲ ಅನ್ನು. ಅವರು ಎರಡೆರಡು ಸಲ ಅಂತಿದ್ರು.”